ಕೆಟಲ್ ಖಾಲಿಯಾಗುವ ತನಕ

ನಾನು ಒಂದು ಕಾಫಿ ಕೆಟಲ್. ನೀಲಿ ಮೈ, ಉದ್ದ ಮೂತಿ. ಹೊಟ್ಟೆ ಮಾತ್ರ ತುಸು ದೊಡ್ಡದು, ನಲವತ್ತು ಕಪ್ ಕಾಫಿ ಹಿಡಿಯುವಷ್ಟು. ಹುಟ್ಟಿದ್ದು 1911ರಲ್ಲಿ, ಡೆನ್ಮಾರ್ಕ್ ದೇಶದ ಒಂದು ಕಾರ್ಖಾನೆಯಲ್ಲಿ. ಕಬ್ಬಿಣದ ತಗಡನ್ನು ಬಡಿದು, ಬಗ್ಗಿಸಿ, ಮೇಲೆ ಗಾಜಿನ ಪುಡಿಯ ಲೇಪ ಹಚ್ಚಿ ಕುಲುಮೆಗೆ ನೂಕಿದರು. ಹೊರಗೆ ಬಂದಾಗ ಆಕಾಶದ ಬಣ್ಣಕ್ಕೆ ತಿರುಗಿದ್ದೆ. ನನ್ನ ಜೊತೆ ಹುಟ್ಟಿದವೆಲ್ಲ ಮದುವೆ ಛತ್ರಗಳಿಗೆ, ಹೋಟೆಲುಗಳಿಗೆ ಹೋದವು. ನಾನು ರಾಜಕೀಯಕ್ಕೆ ಬಂದೆ. ನನ್ನನ್ನು ಯಾರೂ ಕೇಳಿ ಕಳಿಸಲಿಲ್ಲ.

ಕೊಂಡವರು ಹಾಲ್ಮೆಸುಂಡ್ ಎಂಬ ಬಂದರು ಊರಿನ ಶಾಲಾ ಮೇಷ್ಟ್ರು, ತೋರ್ವಾಲ್ಡ್ ಕ್ರಾಗ್. ಆ ವರ್ಷ ಅವರೂ ಇನ್ನು ಹದಿನಾರು ಜನರೂ ದೊಡ್ಡ ಪಕ್ಷದಿಂದ ಸಿಡಿದು ಬಂದು ತಮ್ಮದೇ ಒಂದು ಉದಾರವಾದಿ ಪಕ್ಷ ಕಟ್ಟಿದ್ದರು. ಅವರ ತತ್ವವೇನೂ ಉದ್ದವಿರಲಿಲ್ಲ. ಯಾರು ಯಾವ ದೇವರಿಗೆ ಕೈಮುಗಿಯಬೇಕು, ಯಾವ ಪುಸ್ತಕ ಓದಬೇಕು, ಏನು ಮಾತಾಡಬೇಕು ಎನ್ನುವುದರಲ್ಲಿ ಸರ್ಕಾರ ಮೂಗು ತೂರಿಸಬಾರದು. ಹೆಂಗಸರಿಗೂ ವೋಟು ಬೇಕು. ಅಷ್ಟೇ. ಆದರೆ ಮಾತಿನ ಸ್ವಾತಂತ್ರ್ಯ ಬೇಕೆನ್ನುವ ಹದಿನೇಳು ಜನರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಏನಾದೀತು ಹೇಳಿ? ಹದಿನೇಳೂ ಜನ ಒಟ್ಟಿಗೇ ಮಾತಾಡಿದರು. ಮೊದಲ ಸಭೆಯಲ್ಲೇ ಮೇಜಿನ ಕಾಲು ಮುರಿಯಿತಂತೆ. ಎರಡನೆಯ ಸಭೆಗೆ ಕ್ರಾಗ್ ಮೇಷ್ಟ್ರು ನನ್ನನ್ನು ಎತ್ತಿಕೊಂಡು ಬಂದರು.

"ಇವತ್ತಿಂದ ಒಂದು ಪದ್ಧತಿ. ಬಂದೋರ ತಲೆಗೊಂದು ಕಪ್ ಲೆಕ್ಕದಲ್ಲಿ ಕಾಫಿ, ಮೇಲೆ ಒಂದು ಕಪ್ ಜಾಸ್ತಿ. ಮಾತಾಡೋರು ಎದ್ದು ಬಂದು ಒಂದು ಕಪ್ ಬಗ್ಗಿಸ್ಕೊಂಡು ಮಾತಾಡ್ಬೇಕು. ಕೆಟಲ್ ಖಾಲಿಯಾಗೋ ತನಕ ವೋಟಿಗೆ ಕೈ ಎತ್ತೋ ಹಾಗಿಲ್ಲ. ಖಾಲಿಯಾದ್ಮೇಲೆ ಬಾಯಿ ತೆಗೆಯೋ ಹಾಗಿಲ್ಲ."

ಹಾಲಿನ ಡೈರಿಯ ಎಸ್ಕಿಲ್ ಲಿಂಡೆಗೋರ್ ನಕ್ಕ. "ಕಾಫಿ ಯಾಕೆ ಮೇಷ್ಟ್ರೇ, ಒಂದು ಗಂಟೆ ಹೊಡೆದ್ರೆ ಸಾಲ್ದಾ?"

"ಗಂಟೆ ಹೊಡೆದ್ರೆ ನೀನು ಬಾಯಿ ಮುಚ್ತೀಯೇನಪ್ಪಾ? ಕೈಯಲ್ಲಿ ಬಿಸಿ ಕಪ್ ಇದ್ರೆ ಮೇಜಾದ್ರೂ ಗುದ್ದದೆ ಇರ್ತೀಯ."

"ಸರಿ, ಆ ಜಾಸ್ತಿ ಕಪ್ ಯಾರಿಗೆ?"

"ಬೇರೆಯವರ ಮಾತು ಕೇಳಿ ಮನಸ್ಸು ಬದಲಾಯಿಸಿದೋರಿಗೆ. ಇನ್ನೊಂದ್ಸಲ ಮಾತಾಡೋಕೆ ಬೇಕಲ್ಲ."

ಊರಿನವರು ನಮ್ಮನ್ನು 'ಕೆಟಲ್ ಪಕ್ಷ' ಎಂದು ಹಂಗಿಸಿದರು. ನನಗಂತೂ ಹೆಮ್ಮೆಯಾಯಿತು. ಪಕ್ಷ ಬೆಳೆಯಿತು. ನಲವತ್ತು ಕಪ್ಪೂ ಸಾಲದೆ ಎರಡು ಸಲ ತುಂಬಿದ ದಿನಗಳಿದ್ದವು. ಸಂಸತ್ತಿನಲ್ಲಿ ಮೂರು ಜನ, ಊರಿನ ಕೌನ್ಸಿಲ್ಲಿನಲ್ಲಿ ಐದು ಜನ ನಮ್ಮವರಾದರು. ಹೆಂಗಸರಿಗೆ ಸಂಸತ್ತಿನ ವೋಟು ಸಿಕ್ಕಿದ ದಿನ ಕ್ರಾಗ್ ಮೇಷ್ಟ್ರ ಹೆಂಡತಿ ನನ್ನ ಮೂತಿಗೆ ರಿಬ್ಬನ್ ಕಟ್ಟಿದರು.

ಇನ್ನು 1934ರ ಮಾತು ಹೇಳಬೇಕು. ಹೇಳಲು ನನಗಿಷ್ಟವಿಲ್ಲ. ಆದರೆ ಅದನ್ನು ಬಲ್ಲ ಸಾಕ್ಷಿ ಎಂದರೆ ನಾನೊಬ್ಬನೇ.

ಆಗ ಅಧ್ಯಕ್ಷರಾಗಿದ್ದವರು ಔಷಧಿ ಅಂಗಡಿಯ ಹೊಲ್ಗರ್ ಬ್ರೂನ್. ದೊಡ್ಡ ಪಕ್ಷದವರು ಬಂದು ಅವರಿಗೊಂದು ಆಸೆ ತೋರಿಸಿದ್ದರು: ತಮ್ಮ ವಿರೋಧಿಗಳಿಗೆ ಪುರಭವನದಲ್ಲಿ ಸಭೆ ಮಾಡಲು ಬಿಡಬಾರದೆಂಬ ಠರಾವಿಗೆ ನಿಮ್ಮ ಐವರು ಕೈ ಎತ್ತಿದರೆ ಮೇಯರ್ ಕುರ್ಚಿ ನಿಮಗೆ. ಎಸ್ಕಿಲ್ ಇದಕ್ಕೆ ಒಪ್ಪುವವನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಬಾಯಿ ಬಿಟ್ಟರೆ ಅರ್ಧ ಸಭೆ ಅವನ ಕಡೆ ವಾಲುತ್ತದೆಂದೂ ಗೊತ್ತಿತ್ತು. ಡೈರಿ ಕೆಲಸ ಮುಗಿಸಿ ಬರುತ್ತಿದ್ದ ಎಸ್ಕಿಲ್ ಯಾವತ್ತೂ ಕೊನೆಗೇ ಮಾತಾಡುತ್ತಿದ್ದ. ಇದನ್ನು ತೀರ್ಮಾನಿಸಲು ಪಕ್ಷ ಸಭೆ ಸೇರಿದ ದಿನ, ನಡುವಿನ ವಿರಾಮದಲ್ಲಿ ಎಲ್ಲರೂ ಅಂಗಳಕ್ಕೆ ಹೋದರು. ಬ್ರೂನ್ ಒಬ್ಬರೇ ಒಳಗೆ ಉಳಿದು, ಕಿಟಕಿಯ ಪಕ್ಕದ ಫರ್ನ್ ಗಿಡದ ಕುಂಡಕ್ಕೆ ನನ್ನನ್ನು ಬಗ್ಗಿಸಿದರು. ಬಿಸಿ ಕಾಫಿ ಗಳಗಳನೆ ಇಳಿಯಿತು. ತಡೆಯಲು ನನಗೆ ಕೈಯಿಲ್ಲ, ಕೂಗಲು ನಾಲಿಗೆಯಿಲ್ಲ.

ಎಸ್ಕಿಲ್ ಬಂದು ನನ್ನನ್ನು ಎತ್ತಿದ. ಅಲುಗಾಡಿಸಿ ನೋಡಿದ. "ಇದೇನು ಅಧ್ಯಕ್ಷರೇ, ಇಷ್ಟು ಬೇಗ?"

"ಚಳಿಗಾಲ ನೋಡು, ಜನ ಜಾಸ್ತಿ ಕುಡಿದ್ರು. ಪದ್ಧತಿ ಪದ್ಧತಿಯೇ ಎಸ್ಕಿಲ್. ಕೂತ್ಕೋ."

ಸಭೆ ಒಪ್ಪಿತು, ಕೌನ್ಸಿಲ್ಲಿನಲ್ಲಿ ಠರಾವು ಪಾಸಾಯಿತು. ಬ್ರೂನ್ ಮೇಯರ್ ಆದರು. ಎಸ್ಕಿಲ್ ಟೋಪಿ ಹಾಕಿಕೊಂಡು ಹೊರಟ. ಅವನ ಹಿಂದೆಯೇ ಅರ್ಧ ಪಕ್ಷ ಹೊರಟಿತು. ಆ ವಾರದಲ್ಲೇ ಫರ್ನ್ ಸೀದು ಸತ್ತುಹೋಯಿತು. ಯಾಕೆಂದು ಯಾರೂ ಕೇಳಲಿಲ್ಲ.

ಮುಂದೆ ಯುದ್ಧ ಬಂತು. ಜರ್ಮನ್ ಸೈನಿಕರು ಬಂದರು, ಕಾಫಿ ಬೀಜ ಮಾಯವಾಯಿತು. ಹುರಿದ ಬಾರ್ಲಿಯ ಕಷಾಯ ಹೊತ್ತುಕೊಂಡು ನಾನು ಆ ಕಾಲವನ್ನು ಕಳೆದೆ. ಅದರ ರುಚಿ ಬಗ್ಗೆ ಮಾತ್ರ ಎಲ್ಲರದೂ ಒಂದೇ ಅಭಿಪ್ರಾಯವಿತ್ತು. ನಮ್ಮ ಪಕ್ಷದ ಚರಿತ್ರೆಯಲ್ಲಿ ಅಂಥ ಒಮ್ಮತ ಮತ್ತೆ ಕಂಡಿಲ್ಲ.

1955ರಲ್ಲಿ ಬಾಗಿಲು ತೆರೆದು ಒಬ್ಬಳು ಹುಡುಗಿ ಬಂದಳು. ಹೆಸರು ಆಸ್ಟಾ ಲಿಂಡೆಗೋರ್, ಎಸ್ಕಿಲ್‌ನ ಮಗಳು. "ಅಪ್ಪ ಸಾಯೋ ತನಕ ಈ ಕೆಟಲ್ ಬಗ್ಗೆನೇ ಮಾತಾಡ್ತಿದ್ದ. ನೋಡಿಹೋಗೋಣ ಅಂತ ಬಂದೆ," ಎಂದಳು. ಹೋಗಲಿಲ್ಲ. ನಲವತ್ತಮೂರು ವರ್ಷ ಇದ್ದಳು. ಕಾರ್ಯದರ್ಶಿಯಾದಳು, ಅಧ್ಯಕ್ಷೆಯಾದಳು. ಪಕ್ಷ ಮಾತ್ರ ಸವೆಯುತ್ತಾ ಹೋಯಿತು. ಸಂಸತ್ತಿನ ಕೊನೆಯ ಸ್ಥಾನ ಕಳೆದುಕೊಂಡ ದಿನ ನನ್ನನ್ನು ಎತ್ತಿಕೊಂಡು ಹೋಗುತ್ತಿದ್ದ ಆಸ್ಟಾ ಮಂಜುಗಟ್ಟಿದ ಮೆಟ್ಟಿಲ ಮೇಲೆ ಜಾರಿದಳು. ಅವಳ ಮೊಣಕೈ ಒಡೆಯಿತು, ನನ್ನ ತಳದ ಅಂಚಿನಲ್ಲಿ ಲೇಪ ಕಿತ್ತುಬಂತು. ಅವಳ ಗಾಯ ಮಾಯಿತು. ನನ್ನ ಗಾಯಕ್ಕೆ ತುಕ್ಕು ಹಿಡಿಯಿತು.

1998ರ ಹೊತ್ತಿಗೆ ಉಳಿದವರು ಹನ್ನೊಂದು ಜನ. ಅವರಲ್ಲಿ ಪ್ರೆಬೆನ್ ಸ್ಕೌ, ಸೈಕಲ್ ರಿಪೇರಿ ಅಂಗಡಿಯವನು, ಒಂದು ಸಲಹೆ ತಂದ: ಪಕ್ಷವನ್ನು ಮುಚ್ಚಿ ದೊಡ್ಡ ಪಕ್ಷದಲ್ಲಿ ಸೇರಿಬಿಡೋಣ. "ಹನ್ನೊಂದು ಜನ ಇಲ್ಲಿ ಕೂತು ಕಾಫಿ ಕುಡಿದ್ರೆ, ಮುಚ್ಚೋಕೆ ಹೊರಟಿರೋ ಊರಿನ ಆಸ್ಪತ್ರೆ ಉಳಿಯುತ್ತಾ? ಅಲ್ಲಿ ಹೋದ್ರೆ ನಮ್ಮ ಮಾತು ನಾಲ್ಕು ಜನಕ್ಕಾದ್ರೂ ಕೇಳುತ್ತೆ." ಅವನ ಮಾತೂ ಸುಳ್ಳಲ್ಲ. ಐದಾರು ಜನ ಅವನ ಕಡೆ, ಆಸ್ಟಾ ಅದಕ್ಕೆ ವಿರುದ್ಧ, ಉಳಿದವರು ಅತ್ತಲೂ ಇಲ್ಲ ಇತ್ತಲೂ ಇಲ್ಲ.

ಹನ್ನೆರಡು ಕಪ್ ಕಾಫಿ ತುಂಬಿದರು. ಹತ್ತು ಜನ ಒಬ್ಬೊಬ್ಬರಾಗಿ ಬಗ್ಗಿಸಿಕೊಂಡು ಮಾತಾಡಿದರು. ಅಧ್ಯಕ್ಷೆ ಆಸ್ಟಾಳ ಸರದಿ ಕೊನೆಗೆ. ಅವಳು ಕನ್ನಡಕ ಹುಡುಕುತ್ತಿದ್ದಾಗ ನನ್ನ ತಳದಲ್ಲಿ ಏನೋ ಸಡಿಲವಾಯಿತು. ತುಕ್ಕು ತಿಂದ ಕಡೆ ತೂತು ಬಿದ್ದಿತ್ತು. ಬಿಳಿ ಮೇಜುಬಟ್ಟೆಯ ಮೇಲೆ ಕಂದು ಕಲೆ ಹರಡತೊಡಗಿತು. ಅಪ್ಪನ ಮಾತನ್ನು ನನ್ನ ಹೊಟ್ಟೆಯಿಂದಲೇ ಚೆಲ್ಲಿದ್ದರು. ಈಗ ಮಗಳದನ್ನು ನಾನೇ ಚೆಲ್ಲುತ್ತಿದ್ದೆ.

"ಅಯ್ಯೋ, ಎಲ್ಲಾ ಸೋರಿಹೋಗ್ತಿದೆ," ಎಂದಳು ಪ್ರೆಬೆನ್‌ನ ಕಡೆಯ ಉಲ್ಲಾ. ಧ್ವನಿಯಲ್ಲಿ ಅಷ್ಟೇನೂ ದುಃಖವಿರಲಿಲ್ಲ. "ಖಾಲಿಯಾದ್ರೆ ಖಾಲಿನೇ ತಾನೆ? ಪದ್ಧತಿ. ಕೈ ಎತ್ತೋಣ."

ಎಲ್ಲರೂ ಪ್ರೆಬೆನ್‌ನ ಮುಖ ನೋಡಿದರು. ಅವನು ನನ್ನನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆ ತಳ ತಡವಿ, ತೂತಿಗೆ ಹೆಬ್ಬೆರಳು ಒತ್ತಿದ. ನಡುವೆ ಮತ್ತೆ ಒಲೆಗೇರಿಸಿದ್ದರಿಂದ ಕಾಫಿ ಇನ್ನೂ ಸುಡುತ್ತಿತ್ತು.

"ಖಾಲಿಯಾಗಿಲ್ಲ. ಆಸ್ಟಾ ಅವ್ರೇ, ಬಗ್ಗಿಸ್ಕೊಳ್ಳಿ. ಮಾತಾಡಿ."

"ಬೆರಳು ಸುಟ್ಕೋತೀಯಲ್ಲೋ, ಹುಚ್ಚಪ್ಪ!"

"ಅದಕ್ಕೇ ಹೇಳ್ತಿರೋದು, ಶುರು ಮಾಡಿ."

ಆಸ್ಟಾ ಎದ್ದು ಕಪ್ ತುಂಬಿಸಿಕೊಂಡಳು. ಬರೆದು ತಂದಿದ್ದ ಚೀಟಿ ಮಡಚಿಟ್ಟಳು. "ನಮ್ಮಪ್ಪ ಹೇಳ್ತಿದ್ದ, ಅವತ್ತು ಕಾಫಿ ಬೇಗ ಮುಗೀತು ಅಂತ. ಸೋತ ಸಿಟ್ಟು ಅಂದ್ಕೊಂಡಿದ್ರು ಎಲ್ಲಾ. ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದು ಶುರು ಮಾಡಿ ಎಂಟು ನಿಮಿಷ ಮಾತಾಡಿದಳು. ದೊಡ್ಡ ಪಕ್ಷದಲ್ಲಿ ಒಳ್ಳೆಯವರಿದ್ದಾರೆ, ಆದರೆ ಒಪ್ಪದವನಿಗಾಗಿ ಅಲ್ಲಿ ಯಾರು ಕಾಯುತ್ತಾರೆ ಎಂದು ಕೇಳಿದಳು. ಪ್ರೆಬೆನ್ ಎರಡು ಸಲ ಬೆರಳು ಬದಲಾಯಿಸಿದ.

ಜಾಸ್ತಿ ಕಪ್ ಒಂದು ಉಳಿಯಿತು.

"ಮನಸ್ಸು ಬದಲಾಯ್ತೇನೋ ಪ್ರೆಬೆನ್?"

"ಇಲ್ಲ. ನಿಮ್ಮದು?"

"ನನ್ನದೂ ಇಲ್ಲ."

ಇಬ್ಬರೂ ಅದನ್ನು ಅರ್ಧರ್ಧ ಕುಡಿದರು. ಆಮೇಲೆ ಕೈ ಎತ್ತಿದರು. ಸೇರುವುದಕ್ಕೆ ಆರು, ಬೇಡವೆನ್ನುವುದಕ್ಕೆ ಐದು. ಆರನೆಯ ಕೈ ಪ್ರೆಬೆನ್‌ನದು. ಹೆಬ್ಬೆರಳು ಕೆಂಪಗೆ ಊದಿತ್ತು. ಎಂಬತ್ತೇಳು ವರ್ಷದ ಪಕ್ಷ ಅಲ್ಲಿಗೆ ಮುಗಿಯಿತು.

ನನ್ನನ್ನು ಗುಜರಿಗೆ ಹಾಕುವ ಮಾತೂ ಬಂತು. ಆಸ್ಟಾ ಕೇಳಲಿಲ್ಲ, ಮನೆಗೆ ಒಯ್ದಳು. ಈಗ ಅವಳ ಅಡುಗೆಮನೆ ಕಿಟಕಿಯಲ್ಲಿ, ಹೊಟ್ಟೆ ತುಂಬ ಮಣ್ಣು ಹೊತ್ತು ಕೂತಿದ್ದೇನೆ. ನನ್ನೊಳಗೆ ಫರ್ನ್ ಬೆಳೆದಿದೆ. ಅವಳು ಅದನ್ನೇ ಯಾಕೆ ನೆಟ್ಟಳೋ ಗೊತ್ತಿಲ್ಲ. 1934ರ ಕುಂಡದ ಸಂಗತಿ ಅವಳಿಗೆ ತಿಳಿಯುವ ದಾರಿಯೇ ಇಲ್ಲ. ಈ ಗಿಡದ ಬೇರುಗಳು ನನ್ನ ಒಳಮೈ ತಾಕುವಾಗ ನನಗೆ ಒಂದು ಹಳೆಯ ಬಾಕಿ ನೆನಪಾಗುತ್ತದೆ.

ಪ್ರೆಬೆನ್ ಗುರುವಾರಗಳಂದು ಬರುತ್ತಾನೆ. ದೊಡ್ಡ ಪಕ್ಷದ ಸಭೆಯಲ್ಲಿ ಹತ್ತು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆಂದು ದೂರುತ್ತಾನೆ. ಆಸ್ಪತ್ರೆ ಉಳಿಯಿತಲ್ಲ ಎಂದು ತಾನೇ ಸಮಾಧಾನವನ್ನೂ ಹೇಳಿಕೊಳ್ಳುತ್ತಾನೆ. ಆಸ್ಟಾ ಎರಡಕ್ಕೂ ವಾದ ಹೂಡುತ್ತಾಳೆ. ಹೊರಡುವ ಮುನ್ನ ಅವನು ಗಿಡಕ್ಕೆ ನೀರು ಹಾಕುತ್ತಾನೆ. ತಳದಿಂದ ನೀರು ಜಿನುಗುತ್ತಲೇ ಅವನ ಹೆಬ್ಬೆರಳು ತಾನಾಗಿ ಬಂದು ತೂತಿಗೆ ಕೂರುತ್ತದೆ.

"ಬಿಡೋ," ಎನ್ನುತ್ತಾಳೆ ಆಸ್ಟಾ, "ಈಗ ಅದು ಸೋರ್ಬೇಕು."