ಸೀದಾ ಮಾಡಿದ ಆಕ್ಸಲ್

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಮೂರು ವಾರವಾಗಿತ್ತು. ಬಸ್ ಡಿಪೋದ ಉರ್ದು ದಫ್ತರಗಳನ್ನು ಕನ್ನಡಕ್ಕೆ ಇಳಿಸುವ ಕೆಲಸ ಭರದಿಂದ ನಡೆದಿತ್ತು. ಮೂಲೆಗೆ ನಿಲ್ಲಿಸಿದ್ದ ಒಂದು ಬಸ್ಸಿನ ಮುಂದಿನ ಆಕ್ಸಲ್ ಬಗ್ಗೆ ಮಿಸ್ತ್ರಿ ಯಾಕೂಬ ‘ಸೀದಾ ಕಿಯಾ ಹುವಾ’ ಎಂದು ಬರೆದಿದ್ದ. ಬಾಗಿದ್ದನ್ನು ನೆಟ್ಟಗೆ ಮಾಡಿದ್ದು ಎಂದರ್ಥ. ದಕ್ಷಿಣದಿಂದ ಬಂದ ಗುಮಾಸ್ತ ಅದನ್ನು ‘ನೆಟ್ಟಗಿದೆ’ ಎಂದು ಇಳಿಸಿದ. ಭಾಷಾಂತರದಲ್ಲಿ ‘ಕಿಯಾ ಹುವಾ’ ಎಂಬ ಎರಡು ಪದ ಬಿಟ್ಟುಹೋದವು, ಬಸ್ಸು ಜನರನ್ನು ಹತ್ತಿಸಿಕೊಂಡು ಔರಾದಿಗೆ ಹೊರಡಲು ಸಜ್ಜಾಯಿತು. ಡ್ರೈವರು ಯಾಕೂಬನ ಒಬ್ಬನೇ ಮಗ ಹಬೀಬ.

“ಸಾಹೇಬರ, ಆ ಗಾಡಿ ಬಿಡಬ್ಯಾಡ್ರಿ!” ಯಾಕೂಬ ಕೈಮುಗಿದ.

ದಕ್ಷಿಣದಿಂದಲೇ ಬಂದ ಡಿಪೋದ ಹೊಸ ಸಾಹೇಬರು ಬಗ್ಗಿ ಆಕ್ಸಲ್‌ಗೆ ಅಳತೆಪಟ್ಟಿ ಹಿಡಿದರು. “ಕೂದಲೆಳೆಯಷ್ಟೂ ಡೊಂಕಿಲ್ಲವಲ್ರೀ.”

“ಅದಕ್ಕೇ ಅಂಜಿಕಿರಿ. ಗಂಜ್ ಬಜಾರದ ತೊಗರಿ ಚೀಲ ಹೇರಿ ಹೇರಿ ಕೆಳಗ ಬಾಗಿತ್ತು. ಕಾಸಲಾರದೆ ಥಂಡಾ ಇದ್ದಾಗಲೇ ಮ್ಯಾಲಕ ಒತ್ತಿ ಸೀದಾ ಮಾಡೀನಿ. ಅಂಥಾದ್ದು ನಾಕ ದಿನ ಚಂದ ಓಡ್ತದ. ತೆಗ್ಗಿನ್ಯಾಗ ಬಿದ್ದೆದ್ದು ಬಿದ್ದೆದ್ದು ಒಂದಿನ ಕಟ್ ಅಂತದ.”

“ಬಗ್ಗಿಸಿದ್ರೆ ಉಕ್ಕು ಗಟ್ಟಿಯಾಗುತ್ತೆ ಅಂತ ಓದಿದೀನಿ ಕಣ್ರೀ.”

“ಖರೇ ಅದರಿ. ದಿನಾ ಭಾರ ಬೀಳೋ ಕಡೀಗೇ ಮೊದಲ ಬಗ್ಗಿಸಿದ್ರ ಗಟ್ಟಿ. ಇದು ಉಲ್ಟಾ ಒತ್ತಿದ್ದರಿ, ಭಾರ ಬೀಳೋ ಕಡೀಗೆ ಕಸುವಿಲ್ಲ!”

ಸಾಹೇಬರ ಪುಸ್ತಕದಲ್ಲಿ ಉಲ್ಟಾದ ಪುಟ ಇದ್ದಂತಿರಲಿಲ್ಲ. ಯಾಕೂಬ ದೊಡ್ಡ ಸುತ್ತಿಗೆ ತಂದು ಆಕ್ಸಲ್‌ಗೆ ಬಲವಾಗಿ ಹೊಡೆದ. ಮುರಿಯಲಿ ಎಂದು ಬೇಡಿಕೊಂಡು ಮತ್ತೆ ಹೊಡೆದ. ಅದು ಠಣ್ ಎಂದು ಸ್ವಚ್ಛವಾಗಿ ದನಿಗೊಟ್ಟಿತು. ಸಾಹೇಬರು ನಕ್ಕರು.

“ಏ ಮಿಸ್ತ್ರಿ, ಗುಡಿ ಗಂಟಿ ಬಾರಸ್ಲಿಕತ್ತೀಯೇನು?” ಬಸ್ಸಿನೊಳಗೆ ಕೂತಿದ್ದ ಔರಾದಿನ ಶಾಲುಬಾಯಿ ಕಿಟಕಿಯಿಂದ ಕೂಗಿದಳು. “ಮಗಗ ನೌಕರಿ ಸಿಕ್ಕಿದ್ದಕ್ಕ ಹೊಟ್ಟಿ ಉರೀತದೇನು?”

ಯಾಕೂಬ ಮಗ ಕೂತಿದ್ದ ಕಡೆಯ ಬಾಗಿಲು ಹಿಡಿದ. “ಬೇಟಾ, ಇಳಿ. ರಜಾ ಹಾಕು.”

“ಹಾಕಿದ್ರ ನೌಕರಿ ಖಾಯಂ ಮಾಡೋ ಚೀಟಿ ಹರೀತಾರ, ಅಬ್ಬಾ. ಬಾಜೂಕ ಆಗ್ರಿ, ಮಂದಿ ನಗಲಿಕತ್ತದ.” ಹಬೀಬ ಇಂಜಿನ್ ಶುರು ಮಾಡಿದ.

ಯಾಕೂಬ ಬಸ್ಸಿನ ಮುಂದೆ ಹೋಗಿ ಸುತ್ತಿಗೆ ಎತ್ತಿ ರೇಡಿಯೇಟರಿಗೆ ಹಾಕಿದ. ನೀರು ಅವನ ಪಾದದ ಮೇಲೆಲ್ಲ ಸುರಿಯಿತು. ಜನ ಬೈಯುತ್ತ ಇಳಿದರು.

ಸಾಹೇಬರು ದನಿ ಏರಿಸಲಿಲ್ಲ, ಸುಸಂಸ್ಕೃತರು. “ಉಗ್ರಾಣದಲ್ಲಿ ಇನ್ನೊಂದು ರೇಡಿಯೇಟರ್ ಇದೆ. ಇವತ್ತೇ ಹಾಕಿ, ಬೆಳಗ್ಗೆ ಬಸ್ಸು ಹೊರಡಲಿ. ಇವರು ನಾಳೆಯಿಂದ ಗೇಟಿನೊಳಗೆ ಬರಕೂಡದು.”

ಡಿಪೋದ ಆಳುಗಳು ಯಾಕೂಬನ ಕೈಯಿಂದ ಸುತ್ತಿಗೆ ಕಸಿದುಕೊಂಡರು. ಅವನು ಮಗನ ಕಡೆ ತಿರುಗಿದ.

“ನಾಳಿ ಯಾರ ಡ್ಯೂಟಿ?”

“ನಂದೇ, ಅಬ್ಬಾ.”