ಕಮಿಟಿ ಬಂದಾಗ ಹೊರಬರುವ ಪ್ಲೇಟು

ತೆಂಗಿನ ನಾರಿಗೆ ಸೋಪಿನ ಪುಡಿ ಹಚ್ಚಿ ತಾರಾಮಣಿ ನನ್ನ ಮೈ ಉಜ್ಜುತ್ತಿದ್ದಳು. ಮಣ್ಣೇನೋ ಬಿಟ್ಟಿತ್ತು, ಎಂಜಿನ್ ಎಣ್ಣೆಯ ಕಲೆ ಬಿಡುತ್ತಿರಲಿಲ್ಲ. ಕಾಲೇಜಿನ ಕಾರ್ಯದರ್ಶಿ ಶಿವನಂಜೇಗೌಡರು ಸ್ಟೋರಿನ ಬಾಗಿಲಿಗೆ ಬಂದರು.

"ಏನ್ರೀ ಮೇಡಮ್ಮು, ಮದುವಣಗಿತ್ತಿಗೆ ಅರಿಶಿನ ತಿಕ್ದಂಗೆ ತಿಕ್ತಾ ಕೂತಿದ್ದೀರಾ? ತಪಾಸಣೆ ಕಮಿಟಿ ಗೇಟ್ ಹತ್ರ ಬಂದದೆ."

"ಐದು ವರ್ಷದ ಕೊಳೆ ಸಾರ್, ಒಂದೇ ಸಲಕ್ಕೆ ಹೋಗಲ್ಲ."

ನಾನು ಒಂದು ಹೋಮ್ ಪ್ಲೇಟ್. ಸಾಫ್ಟ್‌ಬಾಲ್ ಆಡುವವಳು ನನ್ನ ಪಕ್ಕ ನಿಂತು ಚೆಂಡು ಹೊಡೆಯುತ್ತಾಳೆ. ಮೈದಾನದ ಮೂರು ಮೂಲೆಯ ಬೇಸುಗಳನ್ನು ಸುತ್ತಿ ಬಂದು ನನ್ನನ್ನು ಮುಟ್ಟಿದರೆ ಒಂದು ರನ್. ಹುಟ್ಟಿದ್ದು ಮೀರತ್‌ನ ಅಚ್ಚೊಂದರಲ್ಲಿ. ಬಿಳಿ ರಬ್ಬರಿನ ಮೈ, ಐದು ಮೂಲೆ, ಕೆಳಗೆ ನೆಲ ಕಚ್ಚುವ ಮೊಳೆಗಳು. ಮಂಡ್ಯ ಕಡೆಯ ಈ ಹೆಣ್ಣುಮಕ್ಕಳ ಕಾಲೇಜಿಗೆ ನನ್ನನ್ನು ತಂದವರು ದೈಹಿಕ ಶಿಕ್ಷಣದ ಫಿಲೋಮಿನಾ ಮೇಡಂ. ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು.

ಹುಡುಗಿಯರು ದುಪಟ್ಟಾ ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ ಆಡಿದರು. ಗದ್ದೆಯ ಕೆಸರು ತುಳಿದು ಒಡೆದ ಹಿಮ್ಮಡಿಗಳು. ಮುಖ ನೋಡದೆಯೇ ನಾನು ಒಬ್ಬೊಬ್ಬರನ್ನೂ ಗುರುತಿಸುತ್ತಿದ್ದೆ. ವಿಶ್ವವಿದ್ಯಾಲಯದ ಫೈನಲ್ ಇದೇ ಮೈದಾನದಲ್ಲಿ ನಡೆಯಿತು. ಗೆಲುವಿನ ರನ್‌ಗಾಗಿ ತಾರಾಮಣಿ ಜಾರಿಕೊಂಡು ಬಂದಳು. ಅವಳ ಮಂಡಿಯ ಚರ್ಮ ನನ್ನ ಮೇಲೆ ಉಳಿಯಿತು. ಅಂಪೈರ್ ಬಾಗಿ ಬ್ರಷ್‌ನಿಂದ ನನ್ನನ್ನು ಒರೆಸಿದರು. ಈ ಕಾಲೇಜಿನಲ್ಲಿ ನನ್ನೆದುರು ಬಾಗಿದ ಗಂಡಸು ಅವರೊಬ್ಬರೇ.

ಅಂದು ಸಂಜೆ ಸನ್ಮಾನ. ಹಾರ ಬಿದ್ದದ್ದು ಶಿವನಂಜೇಗೌಡರ ಕೊರಳಿಗೆ. ಗೆದ್ದ ಹುಡುಗಿಯರು ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದರು. ಮಂಡಿಯ ಗಾಯಕ್ಕೆ ಸೀರೆ ಅಂಟಿಕೊಂಡು ತಾರಾಮಣಿ ಕುಂಟುತ್ತಿದ್ದಳು. ಗೆದ್ದ ಕಪ್ ಗೌಡರ ಮೇಜು ಸೇರಿತು; ಈಗ ಅದರಲ್ಲಿ ಪೆನ್ನುಗಳಿವೆ.

ಫಿಲೋಮಿನಾ ಮೇಡಂ ನಿವೃತ್ತರಾದರು. ಅವರ ಜಾಗಕ್ಕೆ ತಾರಾಮಣಿ ಅತಿಥಿ ಉಪನ್ಯಾಸಕಿಯಾಗಿ ಬಂದಳು. ಗೌಡರು ಹೂಂ ಅಂದರೆ ಇನ್ನೊಂದು ವರ್ಷ, ಉಹೂಂ ಅಂದರೆ ಮನೆ. ಮೈದಾನ ಕಾರು ನಿಲ್ಲಿಸುವ ಜಾಗವಾಯಿತು. ನಾನು ಗೋಣಿಚೀಲ ಸೇರಿದೆ. ಪಂಕ್ಚರ್ ಆದ ದಿನ ಡ್ರೈವರ್ ನನ್ನನ್ನು ಎಳೆದು ಜಾಕಿನ ಅಡಿಗೆ ಕೊಡುತ್ತಿದ್ದ. ಐದು ವರ್ಷಕ್ಕೊಮ್ಮೆ ಕಮಿಟಿ ಬಂದಾಗ ಮಾತ್ರ ಕಾರುಗಳು ರಸ್ತೆಗೆ, ನಾನು ನೆಲಕ್ಕೆ. ಹುಡುಗಿಯರಿಗೆ ಬಾಡಿಗೆ ಜರ್ಸಿ. ಸಂಜೆಗೆ ನನ್ನನ್ನು ಕೀಳುವವಳು ತಾರಾಮಣಿಯೇ.

ಈ ಸಲ ಗೌಡರು ಮೊದಲೇ ಹೇಳಿದ್ದರು: "ಚೆಂಡು ಗಿಂಡು ಬ್ಯಾಡ ಕಣ್ರೀ, ಕಾರಿನ ಗಾಜು ಒಡ್ದಾತು. ಬ್ಯಾಟ್ ಹಿಡ್ಕಂಡು ನಿಂತ್ರೆ ಸಾಕು, ಫೋಟೋಗೆ."

ಆದರೆ ಕಮಿಟಿಯ ಹಿರಿಯ ಹೆಂಗಸೊಬ್ಬರು ನನ್ನ ಪಕ್ಕ ನಿಂತಿದ್ದ ಮೋನಿಷಾಳಿಗೆ, "ಒಂದು ಹೊಡಿ ನೋಡೋಣಮ್ಮ" ಎಂದುಬಿಟ್ಟರು. ತಾರಾಮಣಿ ತನ್ನ ವ್ಯಾನಿಟಿ ಬ್ಯಾಗಿನಿಂದ ಹಳೆಯ ಚೆಂಡೊಂದನ್ನು ತೆಗೆದಳು. ಗೌಡರು ಕಣ್ಣು ಕೆಕ್ಕರಿಸಿದರು. ಅವಳು ಎಸೆದಳು, ಹುಡುಗಿ ಹೊಡೆದಳು. ಓಡಿ, ಸುತ್ತಿ, ಯಾರೂ ಕಲಿಸದಿದ್ದರೂ ಜಾರಿ ಬಂದು ನನ್ನನ್ನು ಮುಟ್ಟಿದಳು. ಎಷ್ಟೋ ವರ್ಷದ ಮೇಲೆ ನನ್ನ ಮೇಲೆ ಬಿಸಿ ರಕ್ತ.

"ನಮ್ಮ ಕಾಲೇಜಿನ ಪರಂಪರೆ ಮೇಡಂ ಇದು," ಎಂದರು ಗೌಡರು, ಕಮಿಟಿಯ ಚಪ್ಪಾಳೆಯ ನಡುವೆ.

ಕಮಿಟಿ ಹೋಯಿತು. ಮೋನಿಷಾ ಏದುಸಿರು ಬಿಡುತ್ತಲೇ ಕೇಳಿದಳು: "ಮಿಸ್, ನಾಳೆ ಎಷ್ಟೊತ್ತಿಗೆ ಬರ್ಲಿ?"

ಗೌಡರು ನಕ್ಕರು. "ನಾಳೆ ಏನವ್ವ ನಾಳೆ? ಜರ್ಸಿ ಬಿಚ್ಕೊಟ್ಟು ಮನೆಗೋಗು. ತಾರಾಮಣಿ, ಅದನ್ನ ಕಿತ್ತು ಒಳಗಾಕ್ರಿ, ಕಾರು ಬರ್ಬೇಕು."

"ಆಗ್ಲಿ ಸಾರ್."

ಹುಡುಗಿ ಜರ್ಸಿ ಬದಲಿಸಲು ಹೋದಳು. ಗೌಡರೂ ಹೋದರು. ತಾರಾಮಣಿ ಹಾರೆ ಹಿಡಿದು ನನ್ನ ಪಕ್ಕ ಕುಳಿತಳು. ರಕ್ತದ ಕಲೆಯನ್ನು ಸೆರಗಿನ ತುದಿಯಿಂದ ಒರೆಸಲು ಹೋದವಳು ಕೈ ಹಿಂತೆಗೆದಳು. ಹಾರೆಯನ್ನು ಪಕ್ಕಕ್ಕಿಟ್ಟು ಸುತ್ತಿಗೆ ಎತ್ತಿಕೊಂಡಳು. ನನ್ನ ಒಂದೊಂದು ಮೂಲೆಗೂ ಹೊಡೆದಳು, ನನ್ನ ಮೈ ಮಣ್ಣಿನ ಮಟ್ಟಕ್ಕೆ ಇಳಿಯುವವರೆಗೆ. ಬರಿಯ ಗೋಣಿಚೀಲವನ್ನು ಮಡಚಿ ಸ್ಟೋರಿಗೆ ಹಾಕಿ ಬೀಗ ಜಡಿದಳು. ಚೆಂಡು ಅವಳ ಬ್ಯಾಗಿನಲ್ಲೇ ಉಳಿಯಿತು.

ಈಗ ಗೌಡರ ಕಾರು ನನ್ನ ಮೇಲೆ ನಿಂತಿದೆ, ಎಣ್ಣೆ ತೊಟ್ಟಿಕ್ಕುತ್ತಿದೆ. ಇಷ್ಟು ವರ್ಷ ಎಲ್ಲರ ಪಾದಗಳನ್ನಷ್ಟೇ ನೋಡಿ ಬದುಕಿದವಳು ನಾನು, ಚಕ್ರ ಹೊಸದಲ್ಲ. ಆದರೆ ಈ ಸಲ ನನ್ನನ್ನು ಕೀಳಬೇಕೆಂದರೆ ಅವರು ನೆಲವನ್ನೇ ಅಗೆಯಬೇಕು.