ಹೆಣ್ಣಿನ ಕಡೆಯ ಪುಟ

ರುಕ್ಮಿಣಮ್ಮ ಸೊಸೆಯಾಗುವವಳಿಗೆಂದು ಸೀರೆ ತಂದಿದ್ದರು. ಆದರೆ ಆ ಹುಡುಗಿ ಇರಲಿಲ್ಲ. ಮನೆಯಲ್ಲಿಲ್ಲ, ಊರಲ್ಲಿಲ್ಲ ಎಂಬ ಅರ್ಥದಲ್ಲಲ್ಲ, ಈ ಭೂಮಿಯ ಮೇಲೆಯೇ ಇರಲಿಲ್ಲ. ಅದು ಗೊತ್ತಿದ್ದವರು ಇಬ್ಬರೇ. ಒಬ್ಬ, ಬೇಲೂರು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ವಧೂವರರ ಮಾಹಿತಿ ಕೇಂದ್ರ ನಡೆಸುತ್ತಿದ್ದ ಕೆಂಚಪ್ಪ. ಅವನು ಯಾರದೋ ಮಾತುಕತೆಗೆಂದು ಬೆಳಿಗ್ಗೆಯೇ ಹಳೇಬೀಡಿಗೆ ಹೋಗಿದ್ದ. ಇನ್ನೊಬ್ಬಳು ಅವನಿಗೆ ಜಾಲತಾಣ ಮಾಡಿಕೊಟ್ಟ ರಮಾ. ಅವಳು ಅವನ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು.

"ಕೆಂಚಪ್ಪಾರು ಇಲ್ವೇನವ್ವ?"

"ಇಲ್ಲಮ್ಮ, ಬರೋದು ಸಂಜೆ ಆಗುತ್ತೆ. ಕೂತ್ಕೊಳ್ಳಿ."

"ಕೂರಾಕ್ ಬಂದಿಲ್ಲ ಕಣವ್ವ. ಶಿಲ್ಪಶ್ರೀ ಅಂತ ಹುಡ್ಗಿ ಐತಲ್ಲ, ಅವ್ರ ಮನೆ ಅಡ್ರೆಸ್ ಕೊಟ್ಬುಡು. ನಾನೇ ಹೋಗಿ ಕಂಡು ಬತ್ತೀನಿ. ನಾನು ಜಾವಗಲ್ ಕಡೆಯವ್ಳು. ಅರುಣ್‌ಕುಮಾರನ ತಾಯಿ."

ಕೀಲಿಮಣೆಯ ಮೇಲೆ ರಮಾಳ ಬೆರಳುಗಳು ನಿಂತವು. ರುಕ್ಮಿಣಮ್ಮ ಚೀಲದಿಂದ ಹೂವಿನ ಪೊಟ್ಟಣ ತೆಗೆದು, ಬಾಡದಿರಲೆಂದು ಫ್ಯಾನಿನ ಗಾಳಿಗೆ ದೂರವಾಗಿ ಇಟ್ಟುಕೊಂಡು, ಕೂರುವುದಿಲ್ಲ ಎಂದವರು ಕೂತೇಬಿಟ್ಟರು.

ರಮಾ ಅರಸೀಕೆರೆಯವಳು. ತಂದೆ ದೇವರಾಜ್ ಹೈಸ್ಕೂಲಿನಲ್ಲಿ ಗುಮಾಸ್ತರು. ಬಿಸಿಎ ಮುಗಿಸಿ ವೆಬ್ ಡಿಸೈನರ್ ಆಗುತ್ತೇನೆಂದು ಹೊರಟ ಹುಡುಗಿ, ಯೂಟ್ಯೂಬ್ ನೋಡಿಕೊಂಡು ಇಲ್ಲದ ಬೇಕರಿಗೆ ಒಂದು ತಾಣ, ಇಲ್ಲದ ಹೋಟೆಲ್ಲಿಗೆ ಒಂದು, ಇಲ್ಲದ ಹಲ್ಲಿನ ಡಾಕ್ಟರಿಗೆ ಒಂದು ಮಾಡುತ್ತ, ಎಲ್ಲವನ್ನೂ ಅರ್ಧಕ್ಕೇ ಬಿಟ್ಟಿದ್ದಳು. ಇಲ್ಲದ ಹಲ್ಲಿಗೆ ಎಷ್ಟು ದಿನ ಪಾಲಿಶ್ ಹಾಕುವುದು? ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಯಾವ ಕಡೆ ಹೋಗಬೇಕೆಂದೇ ತೋಚುತ್ತಿರಲಿಲ್ಲ. ಅವಳಿಗೆ ಸಲೀಸಾಗಿ ಬರುತ್ತಿದ್ದದ್ದು ಒಂದೇ, ಮಿಮಿಕ್ರಿ. ರೈಲ್ವೆ ಸ್ಟೇಷನ್ನಿನ ಮೈಕಿನ ಹೆಂಗಸು, "ಮುಂದ್ಕೆ ಹೋಗ್ರೀ, ಬಸ್ಸೇನು ನಿಮ್ಮತ್ತೆ ಮನೆ ಜಗ್ಲಿನಾ" ಎನ್ನುವ ಕಂಡಕ್ಟರ್, ಯಾರ ದನಿ ಕೇಳಿದರೂ ಗಂಟಲಿಗೆ ಇಳಿಸಿಕೊಂಡುಬಿಡುತ್ತಿದ್ದಳು.

ಹಾಸನದಲ್ಲಿ ಚಿಕ್ಕದೊಂದು ಡಿಸೈನ್ ಕಚೇರಿ ನಡೆಸುವ ಹೇಮಾಶ್ರೀ ಎಂಬಾಕೆ ಅವಳ ಬೇಕರಿಯನ್ನೆಲ್ಲ ನೋಡಿ, "ಕನಸಿನ ಬನ್ನು ಸಾಕಮ್ಮ. ನಿಜವಾದ ಗಿರಾಕಿಗೆ ಮಾಡಿರೋ, ಜನ ಬಳಸ್ತಿರೋ ಒಂದು ಸೈಟ್ ತೋರಿಸು. ಚೆನ್ನಾಗಿದ್ರೆ ಕೆಲಸಕ್ಕೆ ಬಾ" ಎಂದಿದ್ದರು. ಹಾಗೆ ಸಿಕ್ಕಿದ ಮೊದಲ ನಿಜವಾದ ಗಿರಾಕಿ ಕೆಂಚಪ್ಪ. "ಊರಲ್ಲಿ ಟೆಂಪಲ್ ಇದೆ, ನನ್ನ ಹತ್ರ ಟೆಂಪ್ಲೇಟ್ ಇದೆ. ಬೇಲೂರಿಗೆ ಇನ್ನೇನು ಬೇಕು ಸರ್" ಎಂದು ನಗಿಸಿ ಕೆಲಸ ಗಿಟ್ಟಿಸಿದ್ದಳು. ಅವನು ಹೇಳಿದ್ದು ಒಂದೇ ತಿದ್ದುಪಡಿ: "ಹೆಸರಿಗಿಂತ ಮುಂಚೆ ಜಾತಿ ಕಾಲಂ ಬರ್ಬೇಕು ಕಣಮ್ಮ." ರಮಾ ಹಲ್ಲು ಕಚ್ಚಿಕೊಂಡು ಅದನ್ನೂ ಇಟ್ಟಳು.

ಗಂಡಿನ ಕಡೆಯ ಪುಟ ಒಂದೇ ವಾರದಲ್ಲಿ ತುಂಬಿ ತುಳುಕಿತು. ಎಲ್ಲರೂ ಜಮೀನಿದ್ದವರು, ತೆಂಗಿದ್ದವರು, ವಯಸ್ಸು ಮೀರುತ್ತಿದ್ದವರು. ಹೆಣ್ಣಿನ ಕಡೆಯ ಪುಟಕ್ಕೆ ಒಬ್ಬರೂ ಬರಲಿಲ್ಲ. ಪುಟ ತುಂಬಿದರೆ ಹೇಗೆ ಕಾಣುತ್ತದೆಂದು ತೋರಿಸಲು ರಮಾ ಡಮ್ಮಿ ಹುಡುಗಿಯರನ್ನು ಹಾಕಿದಳು. ಡಿಸೈನ್ ಮಾಡುವವರೆಲ್ಲ ಹಾಗೆಯೇ ಮಾಡುತ್ತಾರೆ, ನಿಜವಾದದ್ದು ಬಂದಾಗ ತೆಗೆಯುತ್ತಾರೆ. ಮುಖಗಳನ್ನು ಎಐ ಕೊಟ್ಟಿತು, ಹೆಸರುಗಳನ್ನು ಅವಳು ಕೊಟ್ಟಳು. ಬೇಲೂರು ತಾನೆ ಎಂದು ಎಲ್ಲರಿಗಿಂತ ಚೆಲುವೆಗೆ ಶಿಲ್ಪಶ್ರೀ ಎಂದಳು.

"ಇವ್ರನ್ನ ಯಾವಾಗ ತೆಗೀಲಿ ಸರ್?" ಎಂದು ಕೇಳಿದಾಗ ಕೆಂಚಪ್ಪ ಕಣ್ಣು ಮಿಟುಕಿಸಿದ್ದ.

"ತೆಗೆಯೋದ್ಯಾಕೆ? ಬಟ್ಟೆ ಅಂಗ್ಡೀಲಿ ಬೊಂಬೆ ನಿಲ್ಸಲ್ವಾ? ಬೊಂಬೆ ಮಾರ್ತಾರಾ? ಸೀರೆ ಮಾರ್ತಾರೆ. ಖಾಲಿ ಅಂಗ್ಡಿಗೆ ಯಾರು ಬತ್ತಾರೆ, ಹೇಳು."

ಆಮೇಲೆ ಜಾವಗಲ್ ಕಡೆಯ ಅರುಣ್‌ಕುಮಾರ್ ಎಂಬವನು, ಶಿಲ್ಪಶ್ರೀಯ ಜೊತೆ ಒಂದು ಮಾತಾಡಿಸಿ ಎಂದು ದುಂಬಾಲು ಬಿದ್ದ. ಕೆಂಚಪ್ಪ ಡ್ರಾಯರಿನಲ್ಲಿದ್ದ ಹಳೆಯ ಫೋನಿನ ನಂಬರನ್ನೇ ಹುಡುಗಿ ಮನೆಯ ನಂಬರೆಂದು ಕೊಟ್ಟು, ರಮಾಳ ಕೈಗೆ ಫೋನ್ ತುರುಕಿದ. "ಒಂದೇ ಸಲ ಕಣವ್ವ. ನೀನು ಕಂಡಕ್ಟರ್ ದನಿ ಮಾಡ್ತೀಯಲ್ಲ, ಹಂಗೇ." ಅವಳಿಗೂ ಚೇಷ್ಟೆ ಎನಿಸಿತು. ಪಕ್ಕದ ಮನೆಯ ತಿಪಟೂರಿನ ಸೊಸೆಯ ರಾಗ, ಬ್ಯಾಂಕಿನ ಕೌಂಟರಿನ ಹುಡುಗಿಯ ನಯ, ಟೀಚರೊಬ್ಬರ ಕೆಮ್ಮು, ಮೂರನ್ನೂ ಬೆರೆಸಿ ಒಂದು ದನಿ ಕಟ್ಟಿದಳು. ಒಂದೇ ಸಲ ಎಂದದ್ದು ಮೂರು ಸಲವಾಯಿತು. ಕೊನೆಯ ಸಲ ಅವನು "ಮನೇಲಿ ನಿಮ್ಗೆ ಏನು ಬೇಕು, ಹೇಳಿ" ಎಂದಾಗ ಏನು ಹೇಳುವುದೆಂದು ಹೊಳೆಯದೆ, ತನಗೆ ಬೇಕಿದ್ದನ್ನೇ ಹೇಳಿಬಿಟ್ಟಿದ್ದಳು: ಕಿಟಕಿ ಪಕ್ಕ ಒಂದು ಮೇಜು.

ಈವತ್ತು ಸಂಜೆ ಹೇಮಾಶ್ರೀ ಲಿಂಕ್ ತೆರೆದು ನೋಡುವವರಿದ್ದರು. ಪುಟಗಳಿಗೆ ಕೊನೆಯ ಒಪ್ಪ ಕೊಡಲೆಂದೇ ರಮಾ ಬೇಲೂರಿಗೆ ಬಂದಿದ್ದಳು. ಸಂಜೆಯವರೆಗೆ ಶಿಲ್ಪಶ್ರೀ ಬದುಕಿದ್ದರೆ ಸಾಕಿತ್ತು.

"ಅಡ್ರೆಸ್ ಕೆಂಚಪ್ಪನವರ ಹತ್ರನೇ ಇರೋದಮ್ಮ," ಎಂದಳು.

"ಅವ್ನು ಕೊಡಾಕಿಲ್ಲ ಕಣವ್ವ, ಅದ್ಕೇ ಅವ್ನಿಲ್ದಾಗ ಬಂದಿರೋದು," ಎಂದು ರುಕ್ಮಿಣಮ್ಮ ಗುಟ್ಟು ಹೇಳುವವರಂತೆ ಮುಂದೆ ಬಾಗಿದರು. "ನನ್ ಮಗ ಎಂಗಾಗವ್ನೆ ಗೊತ್ತಾ? ವರ್ಸದಿಂದ ಗಡ್ಡ ಬುಟ್ಕಂಡು ಗೋಡೆ ಕಡೆ ತಿರುಗ್ಕಂಡು ಮಲಗ್ತಿದ್ದೋನು, ಈಗ ಕೋಳಿ ಕೂಗೋಕ್ ಮುಂಚೆ ಏಳ್ತಾನೆ. ಆಚಾರಿ ತಾವ ಮೇಜು ಮಾಡಿಸವ್ನೆ. ಕಿಟ್ಕಿ ಚಿಕ್ಕದು ಅಂತ ಗೋಡೆ ಒಡ್ಸಿ ದೊಡ್ಡದು ಇಡಿಸವ್ನೆ. ಅವ್ರಪ್ಪ ಕಟ್ಸಿದ್ ಗೋಡೆ! ನಾ ಏನೂ ಅನ್ನಿಲ್ಲ. ಒಡೀಲಿ ಬುಡು ಅಂದೆ."

ರಮಾ ಎದ್ದು ನೀರು ತಂದುಕೊಟ್ಟಳು. ಮತ್ತೆ ಕೂತಳು. ಆಮೇಲೆ ಮಾನಿಟರನ್ನು ಆಕೆಯ ಕಡೆ ತಿರುಗಿಸಿದಳು.

"ಅಮ್ಮ, ಇಲ್ಲಿ ನೋಡಿ." ಒಂದು ಗುಂಡಿ ಒತ್ತಿದಳು. ತೆರೆಯ ಮೇಲೆ ಹುಡುಗಿಯೊಬ್ಬಳು ನಕ್ಕಳು.

"ಲಕ್ಷಣವಾಗವ್ಳೆ. ಯಾರ ಮಗ್ಳು?"

"ಯಾರ ಮಗಳೂ ಅಲ್ಲ. ಈಗ ಹುಟ್ಟಿದ್ಲು." ಮತ್ತೆ ಒತ್ತಿದಳು. ಇನ್ನೊಂದು ಮುಖ, ಮೂಗುತಿ ಸಮೇತ.

"ಇವ್ಳು?"

"ಇವಳೂ ಇಲ್ಲ."

ರುಕ್ಮಿಣಮ್ಮ ತಾವೇ ಕೈ ಚಾಚಿ ಗುಂಡಿ ಒತ್ತಿದರು. ಒಂದು ಮುಖ, ಇನ್ನೊಂದು ಮುಖ. ಒಬ್ಬಳಿಗಿಂತ ಒಬ್ಬಳು ಚೆಂದ. "ಇವ್ಳೂ ಇಲ್ವಾ? ಇವ್ಳೂ?" ಎನ್ನುತ್ತ ಒತ್ತಿದರು, ಯಾವಳಾದರೂ ಒಬ್ಬಳು ತಪ್ಪಿ ನಿಜವಾಗಿಬಿಡುತ್ತಾಳೇನೋ ಎಂಬಂತೆ. ಕೊನೆಗೆ ಕೈ ಹಿಂದೆ ತೆಗೆದುಕೊಂಡರು.

"ಮಾತಾಡ್ತಿದ್ಳಲ್ಲ ನನ್ ಮಗನ್ ತಾವ. ನಾನೇ ಕಿವಿಯಾರೆ ಕೇಳಿವ್ನಿ."

ರಮಾ ನೆಲ ನೋಡಿಕೊಂಡು ಶಿಲ್ಪಶ್ರೀಯ ದನಿಯಲ್ಲಿ ಹೇಳಿದಳು: "ನಮಸ್ಕಾರ, ಚೆನ್ನಾಗಿದೀರಾ? ಊಟ ಆಯ್ತಾ?"

ಹೊಡೆಯುತ್ತಾರೆಂದುಕೊಂಡಿದ್ದಳು. ಹೊಡೆಯಲಿಲ್ಲ. ರುಕ್ಮಿಣಮ್ಮ ಅವಳ ಬಾಯನ್ನೇ, ಬಾಯಿಂದ ಏನೋ ಬಿದ್ದಿತೆಂಬಂತೆ, ನೋಡುತ್ತ ಕೂತರು. ಆಮೇಲೆ ಕೇಳಿದರು.

"ನಿಂಗೆ ಮದ್ವೆ ಆಗೈತಾ?"

"ಇಲ್ಲಮ್ಮ."

"ಯಾರ ಪೈಕಿ ನೀನು?"

"ನಾವು ಬೌದ್ಧರು."

"ಅಂಗಂದ್ರೆ?"

"ಅಂಗಂದ್ರೆ ನಿಮಗೆ ಗೊತ್ತಿರೋರೇ. ಊರಾಚೆ ಇದ್ದೋರು."

ರುಕ್ಮಿಣಮ್ಮ ಮೇಜಿನ ಮೇಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ನೀರಿನ ಲೋಟ ತುಂಬಿದ್ದು ಹಾಗೇ ಉಳಿಯಿತು. ಗೋಡೆ ಒಡೆಯಲು ಬಿಟ್ಟಿದ್ದ ತಾಯಿಗೂ ಒಡೆಯಲಾಗದ ಗೋಡೆ ಒಂದಿತ್ತು. ರಮಾಗೆ ಅದರಲ್ಲಿ ಹೊಸತೇನೂ ಇರಲಿಲ್ಲ.

"ನಾನೇ ನಿಮ್ಮ ಮಗನಿಗೆ ಫೋನ್ ಮಾಡಿ ನಿಜ ಹೇಳ್ತೀನಿ," ಎಂದಳು.

"ಬ್ಯಾಡ!" ಆಕೆ ಬೆಚ್ಚಿಬಿದ್ದರು. "ಹುಡ್ಗೀನೇ ಇರ್ನಿಲ್ಲ ಅಂದ್ರೆ ಊರು ನಗುತ್ತೆ ಕಣೇ. ಮೇಜ್ ಮುಂದ್ಗಡೆ ನಿಂತ್ಕಂಡು ನಗ್ತಾರೆ. ಅವ್ನು ಉಳಿಯಾಕಿಲ್ಲ. ನೀನು ಅದೇ ದನೀಲಿ, ನೀವು ನಂಗೆ ಬ್ಯಾಡ ಅಂದ್ಬುಡು. ಬ್ಯಾಡ ಅನ್ನಿಸ್ಕಳದು ಅವ್ನಿಗೆ ಅಭ್ಯಾಸ ಐತೆ."

ರಮಾ ಡ್ರಾಯರಿನಿಂದ ಫೋನ್ ತೆಗೆದಳು. ಆ ಕಡೆ ಪಂಪಿನ ಮೋಟಾರಿನ ಸದ್ದು.

"ಹಲೋ, ಒಂದ್ನಿಮ್ಷ, ಆಫ್ ಮಾಡ್ತೀನಿ... ಹಾಂ, ಹೇಳಿ. ನಮ್ಮವ್ವ ಬಂದ್ಬುಟ್ಳಾ? ಬ್ಯಾಡ ಅಂದೆ, ಕೇಳ್ನಿಲ್ಲ. ಸೀರೆ ಬಣ್ಣ ಹಿಡಿಸ್ನಿಲ್ಲ ಅಂದ್ರೆ ಸಂಕೋಚ ಪಟ್ಕಬೇಡಿ. ಅಂಗ್ಡಿಯವ್ನು ಬದ್ಲಾಯ್ಸಿ ಕೊಡ್ತಾನೆ."

"ಅರುಣ್‌ಕುಮಾರ್ ಅವ್ರೇ, ನಂಗೆ ಈ ಸಂಬಂಧ ಬೇಡ."



"ಮನೇಲಿ ಯಾರಾದ್ರೂ ಹೊಡುದ್ರಾ? ದನಿ ಒಂಥರಾ ಐತೆ."

"ಇಲ್ಲ. ನನ್ನಿಷ್ಟ."

"ಹಂಗಾರೆ ಸರಿ. ಒಂದು ಉಪ್ಕಾರ ಮಾಡಿ. ನನ್ನಲ್ಲಿ ಏನು ಕಮ್ಮಿ ಅಂತ ಹೇಳ್ಬುಡಿ. ಯಾರೂ ಹೇಳಾಕಿಲ್ಲ. ಆಮೇಲೆ ತಿಳಿಸ್ತೀವಿ ಅಂತಾರೆ, ತಿಳಿಸಾಕಿಲ್ಲ. ಗೊತ್ತಾದ್ರೆ ಮುಂದ್ಲ ಸತಿಗೆ ಸರಿ ಮಾಡ್ಕತೀನಿ."

ಕೆಲಸಕ್ಕೆ ಅರ್ಜಿ ಹಾಕಿ ತಿರಸ್ಕೃತಳಾದಾಗಲೆಲ್ಲ ರಮಾ ಬರೆಯುತ್ತಿದ್ದದ್ದೂ ಇದೇ: ನನ್ನಲ್ಲಿ ಏನು ಕಡಿಮೆ ಎಂದು ದಯವಿಟ್ಟು ತಿಳಿಸಿ. ಅದಕ್ಕೂ ಉತ್ತರ ಬರುತ್ತಿರಲಿಲ್ಲ. ತಿಪಟೂರಿನ ರಾಗದಲ್ಲೂ ಬ್ಯಾಂಕಿನ ನಯದಲ್ಲೂ ಟೀಚರ ಕೆಮ್ಮಿನಲ್ಲೂ ಹುಡುಕಿದಳು. ಆ ಮೂವರಲ್ಲಿ ಯಾರ ಬಳಿಯೂ ಇದಕ್ಕೆ ಮಾತಿರಲಿಲ್ಲ.

"ನಿಮ್ಮಲ್ಲಿ ಏನೂ ಕಮ್ಮಿ ಇಲ್ಲ."

"ಎಲ್ರೂ ಹಂಗೇ ಅಂತಾರೆ," ಎಂದು ಅವನು ನಕ್ಕ. "ಆಯ್ತು. ಚೆನ್ನಾಗಿರಿ." ಕರೆ ಕಡಿಯುವ ಮುಂಚೆಯೇ ಮೋಟಾರು ಮತ್ತೆ ಶುರುವಾಗಿತ್ತು.

ರುಕ್ಮಿಣಮ್ಮ ಹೂವಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ರಮಾ ಶಿಲ್ಪಶ್ರೀಯನ್ನು ಅಳಿಸಿದಳು. ಉಳಿದವರನ್ನು ಸಂಜೆಯವರೆಗೆ ಬಿಡೋಣವೆಂದುಕೊಂಡಳು. ಹೇಮಾಶ್ರೀ ನೋಡಿಬಿಡಲಿ, ಆಮೇಲೆ ತೆಗೆದರಾಯಿತು. ಅಷ್ಟರಲ್ಲಿ ಡ್ರಾಯರಿಗೆ ಮತ್ತೆ ಹಾಕಿಟ್ಟಿದ್ದ ಫೋನ್ ಗುಂಯ್‌ಗುಟ್ಟಿತು, ಬೇರೆ ಯಾವುದೋ ನಂಬರು. ಇನ್ನೊಬ್ಬಳಿಗಾಗಿ ಇನ್ನೊಬ್ಬ ಎಲ್ಲಿ ಯಾವ ಗೋಡೆ ಒಡೆಸುತ್ತಿದ್ದಾನೋ. ಅದು ಬಡಿದುಕೊಂಡು ಸುಮ್ಮನಾಗುವವರೆಗೆ ಕಾದು, ಎಲ್ಲರನ್ನೂ ಅಳಿಸಿದಳು.

ಮುಖಗಳು ಹೋದ ಮೇಲೆ ಪುಟ ವಿಕಾರವಾಗಿ ಕುಸಿಯಿತು. ಕಾಲಂಗಳು ಒಂದರ ಮೇಲೊಂದು ಬಿದ್ದವು. ಅದನ್ನು ಎತ್ತಿ ನಿಲ್ಲಿಸಲು ಕೂತ ರಮಾ ಊಟಕ್ಕೂ ಏಳಲಿಲ್ಲ. ಯೂಟ್ಯೂಬ್ ತೆರೆಯಲಿಲ್ಲ, ಟೆಂಪ್ಲೇಟ್ ಹುಡುಕಲಿಲ್ಲ. ಈ ಪುಟವನ್ನು ಯಾರು ತೆರೆಯುತ್ತಾರೆಂದು ಅವಳಿಗೆ ಮೊದಲ ಸಲ ಗೊತ್ತಿತ್ತು: ಅರುಣ್‌ಕುಮಾರನಂಥವರು, ಬಿಸಿಲಿನಲ್ಲಿ ನಿಂತು, ಮಣ್ಣಾದ ಹೆಬ್ಬೆರಳಲ್ಲಿ, ಗೀರು ಬಿದ್ದ ಚಿಕ್ಕ ಫೋನಿನಲ್ಲಿ, ದಿನಕ್ಕೆ ಎಷ್ಟೋ ಸಲ. ಅಕ್ಷರ ದೊಡ್ಡದಿರಬೇಕು. ಬಿಸಿಲಿಗೂ ಕಾಣುವ ಬಣ್ಣವಿರಬೇಕು. ಕಣ್ಣಿಗೆ ಆಸೆ ತೋರಿಸುವುದು ಏನೂ ಇರಬಾರದು. ಎಲ್ಲ ತೆಗೆದು ನಡುವೆ ಬರೆದಳು: "ಸದ್ಯ ನಮ್ಮಲ್ಲಿ ಹೆಣ್ಣಿನ ಕಡೆಯವರು ಯಾರೂ ಇಲ್ಲ." ಕೆಳಗೆ ಇನ್ನೊಂದು ಸಾಲು ಬರೆದಳು: "ಇಲ್ಲಿಯವರೆಗೆ ನೀವು ಕಂಡ ಮುಖಗಳು ನಿಜವಲ್ಲ." ರುಕ್ಮಿಣಮ್ಮನ "ಬ್ಯಾಡ" ನೆನಪಾಗಿ ಅದನ್ನು ಅಳಿಸಿದಳು. ಅರ್ಧ ಸತ್ಯವೇ ಉಳಿಯಿತು. ಅದನ್ನೇ ಎಲ್ಲರಿಗೂ ಕಾಣುವಂತೆ ಲೈವ್ ಮಾಡಿದಳು.

ಕೆಂಚಪ್ಪನಿಗೆ ಫೋನ್ ಮಾಡಿ ಹೇಳಿದಾಗ ಹಳೇಬೀಡಿನಿಂದ ಬೇಲೂರಿಗೆ ಫೋನಿಲ್ಲದೆಯೂ ಕೇಳಿಸುವಷ್ಟು ಅರಚಿದ. "ಅಂಗ್ಡಿ ಬಾಗ್ಲು ಹಾಕ್ಸಿದ್ಯಲ್ಲೇ! ನಾಳೆನೇ ಬೇರೆ ಹುಡುಗನ ಕೈಲಿ ಎಲ್ಲಾ ತಿರ್ಗಾ ಹಾಕಿಸ್ತೀನಿ. ನಿನ್ ಹೆಸ್ರು ಅದ್ರಲ್ಲಿ ಇರಲ್ಲ, ನೆನಪಿಟ್ಕೋ."

"ಇರೋದು ಬೇಡ ಸರ್," ಎಂದಳು.

ಸಂಜೆಯ ಅರಸೀಕೆರೆ ಬಸ್ಸಿನಲ್ಲಿ ರುಕ್ಮಿಣಮ್ಮ ಮೊದಲೇ ಕೂತಿದ್ದರು. ಬೇಲೂರಿನ ಸೀರೆ ಅಂಗಡಿಯವನು ವಾಪಸ್ ತೆಗೆದುಕೊಂಡಿರಲಿಲ್ಲವೆಂದು ಕಾಣುತ್ತದೆ, ಚೀಲ ಹಾಗೇ ಉಬ್ಬಿತ್ತು. ಪಕ್ಕದ ಸೀಟು ಖಾಲಿಯಿತ್ತು. ರಮಾ ಅವರ ಹಿಂದಿನ ಸೀಟಿನಲ್ಲಿ ಕೂತಳು. ಕಂಡಕ್ಟರ್ ಇಬ್ಬರಿಗೂ ಹೆಂಗಸರ ಫ್ರೀ ಟಿಕೆಟ್ ಹರಿದುಕೊಟ್ಟ. ಹಳೇಬೀಡು ದಾಟಿ ರಾಗಿ ಹೊಲಗಳು ಬಂದವು. ಆಕೆ ತಿರುಗಿ ನೋಡಲಿಲ್ಲ.

ಜಾವಗಲ್ಲಿನಲ್ಲಿ ಬಸ್ ನಿಂತಾಗ ಬೈಕಿನ ಪಕ್ಕ ಒಬ್ಬ ನಿಂತಿದ್ದ. ಹೊಸದಾಗಿ ಗಡ್ಡ ಬೋಳಿಸಿದ್ದ ಕೆನ್ನೆ, ಪ್ಯಾಂಟಿನ ತುದಿಯಲ್ಲಿ ಕೆಸರು. ಇಳಿದ ರುಕ್ಮಿಣಮ್ಮನ ಕೈಯಿಂದ ಚೀಲ ಇಸಿದುಕೊಂಡು, ಭಾರ ನೋಡಿ, "ಇರ್ಲಿ ಬಿಡವ್ವ, ನೀನೇ ಉಟ್ಕೊ" ಎಂದ. ಕಿಟಕಿಯ ಕೆಳಗೇ ನಿಂತಿದ್ದ. ಕೈ ಚಾಚಿದರೆ ರಮಾಗೆ ಅವನ ಭುಜ ಸಿಗುತ್ತಿತ್ತು.

ಆಗಲೇ ಅವಳ ಫೋನ್ ಬಡಿದುಕೊಂಡಿತು. ಹೇಮಾಶ್ರೀ.

"ರಮಾ, ನಿನ್ನ ಸೈಟ್ ನೋಡ್ತಾ ಇದೀನಮ್ಮ. ಗಂಡಿನ ಪುಟ ಬರ್ತಿದೆ, ಹೆಣ್ಣಿನ ಪುಟ ಲೋಡ್ ಆಗ್ತಿಲ್ಲ. ಬರೀ ಒಂದು ಸಾಲು ಕಾಣ್ತಿದೆ. ಏನು ಪ್ರಾಬ್ಲಂ?"

ತಾಯಿಯನ್ನು ಬೈಕಿಗೆ ಹತ್ತಿಸಿಕೊಳ್ಳುತ್ತಿದ್ದ ಅರುಣ್‌ಕುಮಾರ್ ತಲೆಯೆತ್ತಿ ಬಸ್ಸಿನ ಕಿಟಕಿಗಳ ಕಡೆ ಸುಮ್ಮನೆ ಕಣ್ಣಾಡಿಸಿದ. ರಮಾ ದನಿ ತಗ್ಗಿಸಲಿಲ್ಲ.

"ಲೋಡ್ ಆಗಿದೆ ಮೇಡಂ. ಅಲ್ಲಿ ಅಷ್ಟೇ ಇರೋದು."

ಅವನಿಗೆ ಆ ದನಿಯ ಗುರುತು ಹತ್ತಲಿಲ್ಲ. ಬೈಕು ಕಿಕ್ ಹೊಡೆದು ಹೊರಟ. ಕಂಡಕ್ಟರ್ ಸೀಟಿ ಊದಿದ. ರಮಾ ಫೋನನ್ನು ಕಿವಿಗೆ ಒತ್ತಿ ಹಿಡಿದು ಹೇಮಾಶ್ರೀಯ ಉತ್ತರಕ್ಕೆ ಕಾಯುತ್ತ ಕೂತಳು.